ಹೊಲಿಗಿ ಅಕ್ಕ ಒಪ್ಪದ ಪ್ರೀತಿ

ಕಳೆದ ತಿಂಗಳು ನಮ್ಮ ಅಡುಗೆಮನೆಯ ಬಾಗಿಲು ಕಿರುಗುಟ್ಟಲು ಶುರುವಾಯಿತು. ಶಾಲೆಯಲ್ಲಿ ಪಾಠ ಮುಗಿಸಿ ಬರುವಾಗ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಬಾಟಲಿ ಮಷೀನ್ ಎಣ್ಣೆ ತಂದೆ. ಚೂಪು ಮೂತಿಯ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಬಾಟಲಿ. ತುದಿಯನ್ನು ಬ್ಲೇಡಿನಿಂದ ಕೊಯ್ದು ಬಾಗಿಲಿನ ಸಂದಿಗೆ ಎರಡು ಹನಿ ಬಿಟ್ಟೆ. ಸದ್ದು ನಿಂತಿತು. ನಾನು ಮಾತ್ರ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆ ಎಣ್ಣೆಗೆ ವಾಸನೆಯೇ ಇಲ್ಲ ಎನ್ನುತ್ತಾರೆ ನಮ್ಮ ಮನೆಯವರು. ಇದೆ, ನನಗೆ ಗೊತ್ತು. ಹೊಸ ಬಟ್ಟೆಯ ಗಂಜಿ, ಕಾದ ಇಸ್ತ್ರಿ ಪೆಟ್ಟಿಗೆ, ಗ್ರಂಥಾಲಯದ ಹಳೆಯ ಪುಸ್ತಕ, ಇವುಗಳ ಜೊತೆ ಬೆರೆತರೆ ಅದು ಶಹಾಪುರದ ಒಂದು ಓಣಿಯ ವಾಸನೆ... ಹೊಲಿಗಿ ಅಕ್ಕನ ಕೋಣೆಯ ವಾಸನೆ.

ಓಣಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹತ್ತೊಂಬತ್ತಕ್ಕೆ ಮದುವೆಯಾಗಿ, ಇಪ್ಪತ್ತೊಂದಕ್ಕೆ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಗೆ ಮರಳಿದವಳು. ಅಣ್ಣನದು ಕಿರಾಣಿ ಅಂಗಡಿ. ಕೆಟ್ಟವನಲ್ಲ. ಮನೆಯ ಮುಂದಿನ ಕೋಣೆಯನ್ನು ತಂಗಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಕೂತು ಆಕೆ ಕುಪ್ಪಸ ಹೊಲಿಯುತ್ತಿದ್ದಳು, ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಆಕೆಗೆ ಮೂವತ್ತಮೂರೋ ಮೂವತ್ತನಾಲ್ಕೋ ಇರಬೇಕು. ಆಗ ಆಕೆ ನನಗೆ ಬಹಳ ದೊಡ್ಡವಳಾಗಿ ಕಾಣುತ್ತಿದ್ದಳು. ಈಗ ನಾನೇ ಆ ವಯಸ್ಸನ್ನು ದಾಟಿ ಬಂದಿದ್ದೇನೆ.

ಆಕೆಗೆ ಕಥೆಯ ಹುಚ್ಚು. ಓದಲು ಬರುತ್ತಿತ್ತು, ಆದರೆ ಕೈಗೆ ಬಿಡುವಿರುತ್ತಿರಲಿಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ನಾನು ಹೋಗಿ ಮಷೀನಿನ ಪಕ್ಕದಲ್ಲಿ ಬಟ್ಟೆ ತುಂಡುಗಳ ಗಂಟಿನ ಮೇಲೆ ಕೂತು ಓದಿ ಹೇಳುತ್ತಿದ್ದೆ. ಊರಿನ ಗ್ರಂಥಾಲಯದಲ್ಲಿ ಒಂದು ಮಾಯಾಲೋಕದ ಕಾದಂಬರಿ ಇತ್ತು, ಏಳು ಭಾಗದ್ದು. ನಾವು ಶುರು ಮಾಡಿದಾಗ ನಾಲ್ಕೇ ಭಾಗ ಬಂದಿದ್ದವು. ಒಬ್ಬ ಮಾಂತ್ರಿಕ ಒಂದು ಊರಿನವರೆಲ್ಲರ ನೆರಳನ್ನು ಕದ್ದು ಒಯ್ದಿರುತ್ತಾನೆ. ಅವನ್ನು ಮರಳಿ ತರಲು ಒಬ್ಬ ಕುಂಬಾರರ ಹುಡುಗಿ ಹೊರಡುತ್ತಾಳೆ. ಆಕೆ ಮಾಡಿದ ಮಣ್ಣಿನ ಕುದುರೆಗಳಿಗೆ ಜೀವ ಬರುತ್ತದೆ. ಜೊತೆಗೆ ಒಬ್ಬ ಉಪ್ಪಿನ ವ್ಯಾಪಾರಿ ನಡೆಯುತ್ತಾನೆ, ಮಾತು ಕಡಿಮೆಯ ಮನುಷ್ಯ. ಎರಡನೇ ಭಾಗದಲ್ಲಿ ಕುದುರೆಯೇರಿ ಒಬ್ಬ ಸೇನಾಪತಿ ಬರುತ್ತಾನೆ. ನನಗೆ ಆ ಸೇನಾಪತಿಯೆಂದರೆ ಜೀವ. ಅಕ್ಕನಿಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ.

ನಾಲ್ಕನೇ ಭಾಗದ ಕೊನೆಗೆ ದೊಡ್ಡ ಯುದ್ಧ. ಉಪ್ಪಿನ ವ್ಯಾಪಾರಿ ಸಾಯುತ್ತಾನೆ. ಧೂಳಿನ ನಡುವೆ ಸೇನಾಪತಿ ಕುದುರೆಯಿಂದ ಇಳಿದು ಬರುತ್ತಾನೆ, ಕುಂಬಾರರ ಹುಡುಗಿಯ ಕಣ್ಣಲ್ಲಿ ಯುಗಯುಗದ ಪ್ರೀತಿ ತುಳುಕುತ್ತದೆ. ನಾನು ದನಿ ಏರಿಸಿ ಓದುತ್ತಿದ್ದೆ. ಮಷೀನು ನಿಂತಿತು.

"ಹೊಳ್ಳಿ ಓದು," ಅಂದಳು ಅಕ್ಕ.

ಮತ್ತೆ ಓದಿದೆ.

"ಯುಗಯುಗದ್ದು? ಯಾವಾಗಿಂದು? ಮೊನ್ನಿ ಮೊನ್ನಿತನಕ ಒಬ್ಬರ ಮಾರಿ ಒಬ್ಬರು ನೋಡ್ತಿರಲಿಲ್ಲ. ಯಾವ ಪುಟದಾಗ ಹುಟ್ಟಿತು ಇದು?"

"ಆಂವ ಮೂರು ಸಲ ಆಕಿ ಜೀವ ಉಳಿಸ್ಯಾನ ಅಕ್ಕಾ," ಅಂದೆ ನಾನು, ಅಳುವ ದನಿಯಲ್ಲಿ.

"ಜೀವ ಉಳಿಸಿದ್ರ ಉಪಕಾರ ಆತು. ಪ್ರೀತಿ ಹ್ಯಾಂಗಾತು? ಹೋದ ವರ್ಷ ನಿಮ್ಮಪ್ಪ ನಮ್ಮ ಎಮ್ಮಿ ಬಾವ್ಯಾಗ ಬಿದ್ದಾಗ ಮ್ಯಾಲ ತಗದ. ಎಮ್ಮಿ ಏನರೆ ನಿಮ್ಮಪ್ಪನ್ನ ನೋಡಿ ಕಣ್ಣಾಗ ಪ್ರೀತಿ ತುಳುಕ್ಸಿತೇನು?"

ನಕ್ಕು ಬಿಡುವ ಮಾತಲ್ಲ ಅದು ಆಕೆಗೆ. ಮರುದಿನದಿಂದ ಹುಡುಕಾಟ ಶುರುವಾಯಿತು. ಮೊದಲ ಭಾಗದಿಂದ ಮತ್ತೆ ಓದಿಸಿದಳು. ಸೇನಾಪತಿ ಮತ್ತು ಹುಡುಗಿ ಮಾತಾಡಿದ ಕಡೆಯಲ್ಲೆಲ್ಲ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಅಂಚಿನಲ್ಲಿ ಗೀಟು ಎಳೆಯಬೇಕು. ಗ್ರಂಥಾಲಯದ ಪುಸ್ತಕ, ಬೈಯುತ್ತಾರೆ ಎಂದರೆ, "ಒರಸಿದ್ರ ಹೋಗ್ತದ" ಅನ್ನುತ್ತಿದ್ದಳು. ನಾಲ್ಕು ಭಾಗದಲ್ಲಿ ಹನ್ನೊಂದು ಗೀಟು ಬಿದ್ದವು. ಏಳು ಕಡೆ ಆತ ಹುಕುಂ ಮಾಡಿದ್ದ. ಎರಡು ಕಡೆ ದಾರಿ ಕೇಳಿದ್ದ. ಒಂದು ಕಡೆ ಆಕೆಯ ರೂಪವನ್ನು ಹೊಗಳಿದ್ದ, ಅದೂ ಆಕೆ ಮೂರ್ಛೆ ಹೋಗಿದ್ದಾಗ. ಉಳಿದ ಒಂದರಲ್ಲಿ ಇಬ್ಬರೂ ಮಾಂತ್ರಿಕನ ಬಗ್ಗೆ ಮಾತಾಡಿಕೊಂಡಿದ್ದರು.

"ಉಂಡಿಯೇನು ಅಂತ ಒಮ್ಮಿಗಾದ್ರೂ ಕೇಳ್ಯಾನೇನು ನೋಡು," ಅಂದಳು. ಕೇಳಿರಲಿಲ್ಲ.

ಆಕೆಗೆ ಇನ್ನೂ ಹೆಚ್ಚು ಸಿಟ್ಟು ಬಂದದ್ದು ಹುಡುಗಿಯ ಬಗ್ಗೆ. ಮೊದಲ ಭಾಗದಲ್ಲಿ ರಾಜನನ್ನೂ ಬಿಡದೆ ಪ್ರಶ್ನೆ ಕೇಳುತ್ತಿದ್ದ ಹುಡುಗಿ, ಪ್ರೀತಿ ಬಂತೆಂದು ಬರೆದ ಮೇಲೆ ಒಂದೂ ಪ್ರಶ್ನೆ ಕೇಳುವುದಿಲ್ಲ. ಮಣ್ಣು ಮುಟ್ಟುವುದಿಲ್ಲ. ಸೇನಾಪತಿಯ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಾಳೆ. "ಪ್ರೀತಿ ಮಾಡಿದ್ರ ಬಾಯಿ ಹೋಗ್ತದೇನು?" ಅನ್ನುತ್ತಿದ್ದಳು ಅಕ್ಕ. "ಆ ಉಪ್ಪಿನಂವ ನಾಕು ಭಾಗ ಆಕಿ ಸಂಗಾಟ ನಡದ. ಕಾಲಾಗ ಮುಳ್ಳು ನಟ್ರ ತಗದ. ಕಥಿ ಬರದಂವಗ ಅದು ಕಾಣಲೇ ಇಲ್ಲ. ಅವನ್ನ ಕೊಂದು ಇವನ್ನ ಕುದುರಿ ಮ್ಯಾಲ ತಂದಾನ."

ಕೊನೆಗೆ ಇನ್‌ಲ್ಯಾಂಡ್ ಕಾಗದ ತಂದು ನನ್ನ ಕೈಯಲ್ಲಿ ಲೇಖಕರಿಗೆ ಪತ್ರ ಬರೆಸಿದಳು. ಹನ್ನೊಂದು ಗೀಟುಗಳ ಪುಟಸಂಖ್ಯೆಯನ್ನೂ ಹಾಕಿಸಿದಳು. ಎರಡು ತಿಂಗಳ ಮೇಲೆ ಒಂದು ಅಚ್ಚಾದ ಕಾರ್ಡು ಬಂತು. ನಿಮ್ಮ ಅಭಿಮಾನಕ್ಕೆ ನಾನು ಋಣಿ, ಎಂದಿತ್ತು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಾ ಬೈದೀನಿ. ಇಂವ ಅಭಿಮಾನ ಅಂತಾನ," ಎಂದು ಎಷ್ಟೋ ಹೊತ್ತು ನಕ್ಕಳು.

ಇಷ್ಟನ್ನು ಯಾಕೆ ವಿವರವಾಗಿ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಕ್ಕನ ಮಷೀನು ಹಳೆಯದು. ಎರಡು ಮೂರು ತಿಂಗಳಿಗೊಮ್ಮೆ ಕೈಕೊಡುತ್ತಿತ್ತು. ಸುರಪುರದಿಂದ ಒಬ್ಬ ರಿಪೇರಿಯವ ಮೊಪೆಡ್ ಮೇಲೆ ಬರುತ್ತಿದ್ದ. ನಲವತ್ತರ ಹತ್ತಿರದವ, ತೆಳ್ಳಗಿನ ಮೈ. ಕೃಷ್ಣಾ ಹೊಳೆಯ ದಂಡೆಯ ಮಂದಿ, ಕಕ್ಕೇರಾ ಕಡೆಯವರು ಎಂದು ಯಾರೋ ಹೇಳಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಬಂದವನು ನೆಲದ ಮೇಲೆ ಚೀಲ ಬಿಚ್ಚುತ್ತಿದ್ದ, ಮಷೀನು ಬಿಚ್ಚಿ ಒರೆಸಿ ಎಣ್ಣೆ ಬಿಟ್ಟು ಜೋಡಿಸುತ್ತಿದ್ದ, ಒಂದು ಚಿಂದಿಯ ಮೇಲೆ ಹೊಲಿಗೆ ಓಡಿಸಿ ಆಕೆಗೆ ಕೊಡುತ್ತಿದ್ದ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸುತ್ತಿದ್ದಳು. ಆತ ಚಹಾ ಕುಡಿದು ಹೋಗುತ್ತಿದ್ದ. ಅಷ್ಟೇ. ಎರಡು ವರ್ಷದಲ್ಲಿ ನಾನು ಕಂಡದ್ದು ಅಷ್ಟೇ.

ತೊಗರಿ ಕೊಯ್ಲಿನ ದಿನಗಳು. ಐದನೇ ಭಾಗ ಬಂದಿತ್ತು, ಹೊಸದಾಗಿ ಶುರು ಮಾಡಿದ್ದೆವು. ನಾನು ಪುಟ ತಿರುವುವಾಗ ಅಕ್ಕ ಹೇಳಿದಳು, "ನಾ ಸುರಪುರಕ್ಕ ಹೋಗಾಕಿ ಇದ್ದೀನಿ."

"ಯಾಕ ಅಕ್ಕಾ? ಬಟ್ಟಿ ತರಾಕೇನು?"

"ಇಲ್ಲ. ಉಡಿಕಿ ಮಾಡ್ಕೊಂಡು."

ಗಂಡ ಸತ್ತವಳು ಮತ್ತೆ ಮದುವೆಯಾದರೆ ನಮ್ಮ ಕಡೆ ಅದಕ್ಕೆ ಉಡಿಕಿ ಎನ್ನುತ್ತಾರೆ. ಯಾರನ್ನು ಎಂದು ಕೇಳಿದೆ. ಆಕೆ ಕೈಯಲ್ಲಿದ್ದ ಕತ್ತರಿಯಿಂದ ಮಷೀನಿನ ಕಡೆ ತೋರಿಸಿದಳು. ನನಗೆ ಅರ್ಥವಾಗಲಿಲ್ಲ. ಎಷ್ಟು ಅರ್ಥವಾಗಲಿಲ್ಲವೆಂದರೆ, ಮಷೀನನ್ನೇ ನೋಡುತ್ತಾ ಕೂತೆ. ಆಮೇಲೆ ತಿಳಿದಾಗ ನಗು ಬಂತು. ಆಕೆ ನಗಲಿಲ್ಲ. ಯಾವಾಗ, ಯಾವ ದಿನ, ಹೇಗೆ ಎಂದು ಕೇಳಬೇಕೆನ್ನಿಸಿತು. ಆ ಪ್ರಶ್ನೆ ಕೇಳುವುದನ್ನು ನನಗೆ ಕಲಿಸಿದವಳೇ ಆಕೆ. ಆದರೆ ಅಷ್ಟರಲ್ಲಿ ಆಕೆ ಮತ್ತೆ ಮಷೀನು ತುಳಿಯತೊಡಗಿದ್ದಳು, "ಓದು, ನಿಲ್ಲಬ್ಯಾಡ" ಅಂದಳು. ನಾನು ಓದಿದೆ. ಏನು ಓದಿದೆನೋ...

ಮುಂದಿನ ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಹಿರಿಯರು ಕೂತರು. ವನದುರ್ಗದಿಂದ ಅಕ್ಕನ ಸೋದರಮಾವ ಬಂದಿದ್ದ, ಆ ಮನೆಯಲ್ಲಿ ಆತನ ಮಾತೇ ಕೊನೆ. ಉಡಿಕಿ ಅವರಿಗೆ ಹೊಸದಲ್ಲ. ಆದರೆ ಇವರು ಕೊರಳಲ್ಲಿ ಲಿಂಗ ಕಟ್ಟಿಕೊಂಡ ವ್ಯಾಪಾರಸ್ಥರು, ಆತ ಹೊಳೆಯಲ್ಲಿ ಬಲೆ ಬೀಸುವವರ ಮಗ. ಅಷ್ಟಾದರೂ ಅಣ್ಣನ ಮನಸ್ಸು ಅರ್ಧ ಕರಗಿತ್ತಂತೆ. ಇಬ್ಬರಿಗೂ ಖರೇನೇ ಮನಸ್ಸಿದ್ದರೆ ಯಾರೇನಾದರೂ ಅನ್ನಲಿ, ಎಂದು ಹಿಂದಿನ ದಿನ ನನ್ನ ಅವ್ವನ ಮುಂದೆ ಹೇಳಿದ್ದನಂತೆ. ಇದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಅವ್ವನ ಜೊತೆ ನನ್ನನ್ನೂ ಕರೆಸಿದರು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಸೋದರಮಾವ ನನ್ನನ್ನು ಕೇಳಿದ, ದನಿ ಮೆತ್ತಗೇ ಇತ್ತು:

"ತಂಗಿ, ನೀ ದಿನಾ ಆ ಖೋಲ್ಯಾಗ ಕುಂದರಾಕಿ. ಅಂಜಬ್ಯಾಡ. ಇವರಿಬ್ಬರ ನಡುವ ಏನಿತ್ತು?"

ಇವರು ಅಕ್ಕನ ಮೇಲೆ ಏನೋ ಕೆಟ್ಟದ್ದನ್ನು ಹೊರಿಸುತ್ತಿದ್ದಾರೆ ಎಂದುಕೊಂಡೆ ನಾನು. ಆಕೆಯನ್ನು ಉಳಿಸಬೇಕು ಎನ್ನಿಸಿತು. ಅದೂ ಅಲ್ಲದೆ, ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.

"ಏನೂ ಇರಲಿಲ್ರಿ ಮುತ್ಯಾ. ಅವರು ಮಾತೇ ಆಡ್ತಿರಲಿಲ್ಲ."

ಆತ ತೊಡೆ ತಟ್ಟಿದ. "ಕೇಳಿದ್ರಿಲ್ಲೋ? ಮಾತೇ ಇಲ್ಲಂತ! ಮಾತಿಲ್ಲ ಕತಿಯಿಲ್ಲ, ಇದ್ಯಾವ ಮನಸ್ಸು? ಆ ಮಗಗ ಈ ಖೋಲಿ ಮ್ಯಾಲ, ಈ ಮಷೀನ್ ಮ್ಯಾಲ ಕಣ್ಣು ಬಿದ್ದದ. ಇಕಿಗಿ ಮಂಕು ಬಡದದ. ಫೈಸ್ಲಾ ಆತು ಏಳ್ರಿ."

ಅಣ್ಣ ತಂಗಿಯ ಕಡೆ ನೋಡಿದ. "ಖರೇನೇನು? ನೀನರೆ ಹೇಳು," ಅಂದ. ಅಕ್ಕ ಬಾಯಿ ತೆರೆದಳು, ಏನೋ ಹುಡುಕುವವಳ ಹಾಗೆ ಒಂದು ಗಳಿಗೆ ನಿಂತಳು, ಮತ್ತೆ ಮುಚ್ಚಿದಳು. ನನ್ನ ಅವ್ವ ನನ್ನ ರಟ್ಟೆ ಚಿವುಟಿದ್ದು ಆಕೆಗೆ ಕಂಡಿತು. "ಬೈಬ್ಯಾಡ ಚಿಗವ್ವಾ. ಆಕಿ ಕಂಡದ್ದು ಆಕಿ ಹೇಳ್ಯಾಳ," ಅಂದಳು. ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದರೆ ಇಷ್ಟು ದಿನ ನನ್ನನ್ನು ಕಾಡುತ್ತಿರಲಿಲ್ಲ. ಅಳತೆ ಸರಿ ತೆಗೆದುಕೊಂಡೂ ಕುಪ್ಪಸ ಬಿಗಿಯಾದಾಗ ಆಕೆ ಬಟ್ಟೆಯನ್ನು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

ಎಂಟು ದಿನದ ಮೇಲೆ ಆಕೆ ಸುರಪುರದ ಬಸ್ಸು ಹತ್ತಿದಳು. ಬೆಳಗಿನ ನಳದ ನೀರು ಬಂದಿತ್ತು, ನಾನು ಕೊಡ ಹಿಡಿದು ನಿಂತಿದ್ದೆ. ಆಕೆಯ ಕೈಯಲ್ಲಿ ಒಂದೇ ಚೀಲ. ಮಷೀನು ಒಳಗೇ ಉಳಿಯಿತು. ಅಣ್ಣ ಅಂಗಡಿಯಲ್ಲಿ ಬೆಲ್ಲ ಒಡೆಯುತ್ತಿದ್ದ, ತಲೆ ಎತ್ತಲಿಲ್ಲ. ನನ್ನ ಹತ್ತಿರ ನಿಂತು ಅಕ್ಕ ಹೇಳಿದಳು: "ಐದನೇದ್ದು ಮುಗಸು. ಉಪ್ಪಿನಂವ ಹೊಳ್ಳಿ ಬಂದ್ರ ನನಗ ತಿಳಸು." ಮದುವೆಯ ಬಗ್ಗೆ ಒಂದು ಮಾತಿಲ್ಲ. ಕೊಡ ತುಂಬಿ ಹರಿಯುತ್ತಿದ್ದುದು ಕೂಡ ನನಗೆ ಗೊತ್ತಾಗಲಿಲ್ಲ.

ಆಮೇಲೆ ಆ ಮನೆಯಲ್ಲಿ ಆಕೆಯ ಹೆಸರು ಎತ್ತುವವರಿಲ್ಲವಾಯಿತು. ನಾನು ಒಬ್ಬಳೇ ಕೂತು ಹುಡುಕುತ್ತಿದ್ದೆ, ನಾಲ್ಕು ಭಾಗಗಳನ್ನು ಹುಡುಕಿದ ಹಾಗೆ, ಆ ಎರಡು ವರ್ಷಗಳನ್ನು. ಒಮ್ಮೆ ಆತ ಯಾರೂ ಹೇಳದೆಯೇ ಆಕೆಯ ಕತ್ತರಿ ಮಸೆದು ಇಟ್ಟಿದ್ದ. ಆದರೆ ಅದು ಆತನ ಕೆಲಸವೇ. ನಾನು ಓದುತ್ತಿರುವಾಗ ಆತನ ಕೈ ನಿಧಾನವಾಗುತ್ತಿತ್ತು. ಕಥೆಯೆಂದರೆ ಯಾರ ಕೈಯಾದರೂ ನಿಧಾನವಾಗುತ್ತದೆ. ಆತನ ಚಹಾಕ್ಕೆ ಆಕೆ ಸಕ್ಕರೆ ಹಾಕುತ್ತಿರಲಿಲ್ಲ. ಆತ ಹೇಳಿದ್ದನೋ, ಆಕೆಗೆ ಹೇಗೋ ಗೊತ್ತಿತ್ತೋ... ಪ್ರತಿಯೊಂದಕ್ಕೂ ಒಂದು ಗೀಟು ಎಳೆಯಬಹುದು, ಪ್ರತಿಯೊಂದನ್ನೂ ಒರೆಸಿ ಹಾಕಬಹುದು. ಒಂದು ದಿನ ನಾನೇ ದೊಡ್ಡ ಪಾಪ ಮಾಡಿದೆ ಅನ್ನಿಸುತ್ತಿತ್ತು. ಇನ್ನೊಂದು ದಿನ, ಇಷ್ಟು ಕಡಿಮೆ ಬರೆದ ಕಥೆಯನ್ನು ಯಾರು ನಂಬುತ್ತಾರೆ ಎಂದು ಆಕೆಯ ಮೇಲೇ ಸಿಟ್ಟು ಬರುತ್ತಿತ್ತು.

ಆರು ವರ್ಷದ ಮೇಲೆ ಶಿಕ್ಷಕರ ತರಬೇತಿಗೆಂದು ಸುರಪುರದಲ್ಲಿದ್ದಾಗ ಮನೆ ಹುಡುಕಿಕೊಂಡು ಹೋದೆ. ಗುಡ್ಡದ ಬುಡದಲ್ಲಿ ಎರಡು ಖೋಲಿಯ ಮನೆ. ಬೇರೆ ಮಷೀನು, ಅದೇ ವಾಸನೆ. ಅಕ್ಕನ ಮೈ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು. ಉಂಡಿಯೇನು ಎಂದು ಕೇಳಿ, ನಾನು ಹೂಂ ಅನ್ನುವುದರೊಳಗೇ ರೊಟ್ಟಿ ಹಚ್ಚಿಕೊಟ್ಟಳು. ಆಮೇಲೆ ಮೊದಲು ಕೇಳಿದ್ದು ಪುಸ್ತಕವನ್ನೇ. ಏಳೂ ಭಾಗದ ಕಥೆ ಹೇಳಿದೆ. ನೆರಳುಗಳು ಊರಿಗೆ ಮರಳಿದವು, ಸೇನಾಪತಿಗೂ ಕುಂಬಾರರ ಹುಡುಗಿಗೂ ಮದುವೆಯಾಯಿತು, ಉಪ್ಪಿನ ವ್ಯಾಪಾರಿ ಬರಲೇ ಇಲ್ಲ.

"ಥೂ," ಅಂದಳು. "ಏಳು ಭಾಗ ಬರದೂ ಅವನಿಗಿ ಒಂದು ಹಗಲು ಸಿಗಲಿಲ್ಲೇನು? ಇಬ್ಬರನ್ನೂ ಒಂದು ಹಗಲು ಸುಮ್ಮ ಒಂದು ಕಡಿ ಕುಂದರಸಬೇಕಿತ್ತು. ಯುದ್ಧ ಬ್ಯಾಡ, ಯಾರೂ ಸಾಯೋದು ಬ್ಯಾಡ. ಆಕಿ ಮಣ್ಣು ಕಲಸ್ತಿರಬೇಕು, ಆಂವ ಏನರೆ ಒಂದು ಮಾಡ್ತಿರಬೇಕು. ಅಷ್ಟು ಬರದಿದ್ರ ನಾ ಒಪ್ತಿದ್ದೆ."

ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಅಕ್ಕಾ, ನಿಂದು... ನಿಂದು ಯಾವಾಗ?"

ಆಕೆ ನನ್ನನ್ನು ನೋಡಿದಳು. ಖರೇನೇ ಆಶ್ಚರ್ಯಪಟ್ಟಿದ್ದಳು. "ನೀ ಅಲ್ಲೇ ಇದ್ದೆಲ್ಲಾ?" ಅಂದಳು.

ಅಷ್ಟರಲ್ಲಿ ಒಬ್ಬಳು ಮಗಳ ಲಂಗದ ಬಟ್ಟೆ ತಂದಳು, ಅಕ್ಕ ಟೇಪು ಹುಡುಕಲು ಎದ್ದಳು. ಆ ಭಾನುವಾರದ ಮಾತಿಗೆ ಕ್ಷಮೆ ಕೇಳಬೇಕೆಂದು ಹೋದವಳು ಕೇಳದೇ ಬಂದೆ. ಮತ್ತೆ ಬರುತ್ತೇನಲ್ಲ ಎಂದುಕೊಂಡೆ. ನೌಕರಿ ಸಿಕ್ಕಿತು, ಮದುವೆಯಾಯಿತು, ಯಾದಗಿರಿಗೆ ಬಂದೆ. ಸುರಪುರವೇನು ದೂರವಲ್ಲ... ಆದರೂ ಹೋಗಲಿಲ್ಲ.

ಹೋದ ಮಳೆಗಾಲದಲ್ಲಿ ಅವ್ವ ಫೋನಿನಲ್ಲಿ ಊರಿನ ಸುದ್ದಿ ಹೇಳುತ್ತಾ ಹೇಳುತ್ತಾ, "ಹೊಲಿಗಿ ಅಕ್ಕ ಹೋದಳವ್ವಾ, ತಿಂಗಳಾತು" ಅಂದಳು. ಜ್ವರವೆಂದು ಮಲಗಿದವಳು ಏಳಲಿಲ್ಲವಂತೆ. ಅಣ್ಣ ಮಣ್ಣಿಗೆ ಹೋಗಿದ್ದನಂತೆ. ಆಕೆಯ ಹಳೆಯ ಮಷೀನನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಆ ಮನೆಯಲ್ಲಿ ಇಳಿಸಿ ಬಂದನಂತೆ, ಯಾರ ಜೊತೆಯೂ ಮಾತಾಡದೆ. ನನಗೆ ಅಳು ಬರಲಿಲ್ಲ. ಎಲ್ಲೋ ಒಂದು ತಪ್ಪು ಎಣಿಕೆಯಾಗಿದೆ ಎನ್ನುವ ಹಾಗೆ ಆ ದಿನವೆಲ್ಲ ತಿರುಗಾಡಿದೆ. ಅಳು ಬಂದದ್ದು ಕಳೆದ ತಿಂಗಳು, ಬಾಗಿಲಿಗೆ ಎಣ್ಣೆ ಬಿಟ್ಟಾಗ.

ಮುಂದಿನ ಭಾನುವಾರ ಸುರಪುರಕ್ಕೆ ಹೋದೆ. ಕಾಕಾನ ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನ ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. "ಓದ್ತಿದ್ದ ಹುಡುಗಿ," ಅಂದ, ಮತ್ತೆ "ಬರ್ರಿ ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿದ. ತಾನೇ ಚಹಾ ಮಾಡಿ ತಂದ. ಇದು ಯಾವಾಗ ಹುಟ್ಟಿತು ಎಂದು ಆತನನ್ನು ಕೇಳಬೇಕೆಂದೇ ನಾನು ಹೋಗಿದ್ದೆ. ಆತನೇ ಶುರು ಮಾಡಿದ.

"ಟೀಚರ್ರಿ, ನಿಮಗ ಒಂದು ಕೇಳ್ಲೇನು? ತಪ್ಪು ತಿಳಕೋಬ್ಯಾಡ್ರಿ. ಒಂದಿನ, ನೀವು ಸಾಲಿಗಿ ಹೋದಾಗ, ರಿಪೇರಿ ಮುಗಿಸಿ ಏಳಬೇಕು ಅನ್ನೂದ್ರಾಗ ಆಕಿ, ನಿಮ್ಮ ಮನ್ಯಾಗ ಯಾರದಾರ ಅಂತ ಕೇಳಿದ್ಳು. ಯಾರೂ ಇಲ್ರಿ ಅಂದೆ. ನಾ ಬರ್ತೀನಿ ಅಂದ್ಳು. ಅಷ್ಟೇ ನೋಡ್ರಿ. ನಂದು ಕಪ್ಪು ಮಾರಿ, ರೊಕ್ಕಿಲ್ಲ, ಕುಲ ಬ್ಯಾರೆ. ನನ್ನಾಗ ಏನು ಕಂಡ್ಳು, ಯಾವಾಗ ಕಂಡ್ಳು, ಇಷ್ಟು ವರ್ಷ ಕೇಳಬೇಕು ಕೇಳಬೇಕು ಅಂತನೇ ಹೋತು. ಕೇಳಿದ್ರ ನಗ್ತಾಳ ಅಂತ ಅಂಜಿಕಿ. ಈಗ ಆಕೀನೇ ಇಲ್ಲ. ಆಗ ನೀವೊಬ್ಬರೇ ಅಲ್ಲಿದ್ದೋರು... ನಿಮಗೇನರೆ ಕಂಡಿತ್ತೇನ್ರಿ?"

ಆ ಮುಖವನ್ನು ನೋಡಿಕೊಂಡು, ಏನೂ ಕಾಣಲಿಲ್ಲರಿ ಎಂದು ಎರಡನೇ ಸಲ ಹೇಳಲು ನನ್ನಿಂದಾಗಲಿಲ್ಲ. ಹೇಳಿದೆ. ಒಂದು ಸಲ ನಿಮ್ಮ ಮೊಪೆಡ್ ಚಾಲೂ ಆಗಲಿಲ್ಲ, ದಬ್ಬಿಕೊಂಡು ಓಣಿ ದಾಟಿದಿರಿ. ಉರಿಬಿಸಿಲು. ಅಕ್ಕ ಕೆಲಸ ಬಿಟ್ಟು ಎದ್ದಳು, ಬರಿಗಾಲಲ್ಲೇ ಹೊರಗೆ ಹೋಗಿ, ನೀವು ಮರೆಯಾಗುವವರೆಗೂ ಆ ಕಾದ ನೆಲದ ಮೇಲೆ ನಿಂತಿದ್ದಳು.

"ಹೌದೇನ್ರಿ?" ಅಂದ. ಲೋಟ ಕೆಳಗಿಟ್ಟ. "ನಾ ಹೊಳ್ಳಿ ನೋಡಲಿಲ್ಲ ನೋಡ್ರಿ. ಬರಿಗಾಲಾಗ?"

"ಹೌದ್ರಿ. ಬರಿಗಾಲಾಗ."

ಇನ್ನೊಮ್ಮೆ ಹೇಳಿ ಎಂದ. ಇನ್ನೊಮ್ಮೆ ಹೇಳಿದೆ. ಎರಡನೇ ಸಲ, ಆಕೆಯ ಬಾಯಲ್ಲಿ ದಾರ ಪೋಣಿಸಿದ ಸೂಜಿ ಇತ್ತು ಎಂದೂ ಸೇರಿಸಿದೆ. ಆತ ಬಾಗಿಲಿನ ಕಡೆ ನೋಡುತ್ತಾ ಕೂತುಬಿಟ್ಟ.

ಶಹಾಪುರ ದಾಟಿ, ಭೀಮೆಯ ಸೇತುವೆಯ ಹತ್ತಿರ ಬಸ್ಸು ಬರುವ ಹೊತ್ತಿಗೆ ನನಗೆ ಅನುಮಾನ ಶುರುವಾಯಿತು. ಎರಡನೇ ಭಾಗದಲ್ಲೋ ಮೂರನೆಯದರಲ್ಲೋ, ಉಪ್ಪಿನ ವ್ಯಾಪಾರಿ ತನ್ನ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಾನೆ. ಕುಂಬಾರರ ಹುಡುಗಿ ತಂಗಿದ್ದ ಛತ್ರದ ಬಾಗಿಲಿಗೆ ಬರುತ್ತಾಳೆ, ಕಾದ ಮರಳಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾಳೆ... ಇದನ್ನು ನಾನು ಓದಿದ್ದೆನೋ? ಅಥವಾ ಅಕ್ಕನನ್ನು ಕಂಡದ್ದೇ ಹೌದೋ? ಮೊಪೆಡ್ ದಬ್ಬಿಕೊಂಡು ಹೋದದ್ದು ನಿಜ, ಅದರ ಸದ್ದು ಕೂಡ ನೆನಪಿದೆ. ಬರಿಗಾಲು? ಸೂಜಿಯನ್ನಂತೂ ನಾನೇ ಸೇರಿಸಿದೆ, ಅದು ಗೊತ್ತು. ಉಳಿದದ್ದು ಗೊತ್ತಿಲ್ಲ.

ಒಂದು ಮಾತಿನಿಂದ ಆಕೆಗೆ ಅನ್ಯಾಯ ಮಾಡಿದೆ. ಆ ಮಾತು ಸತ್ಯವಾಗಿತ್ತು. ಇನ್ನೊಂದು ಮಾತಿನಿಂದ ಆತನಿಗೆ ಏನು ಮಾಡಿದೆನೋ, ಆ ಮಾತು ಸುಳ್ಳಾಗಿದ್ದರೂ ಇರಬಹುದು. ಅಕ್ಕನಿದ್ದಿದ್ದರೆ ಎಲ್ಲಿ ಯಾವುದು ಹುಟ್ಟಿತೆಂದು ಒಂದೇ ಮಾತಿನಲ್ಲಿ ಹೇಳಿ, ಬೈದು, ರೊಟ್ಟಿ ಹಚ್ಚಿಕೊಡುತ್ತಿದ್ದಳು.